ಕಿಟಕಿಯಾಚೆಯಿಂದ ಕಲಿಸಿದ ಅಡುಗೆ

ನಮಗೆ ಗೃಹವಿಜ್ಞಾನ ಕಲಿಸುತ್ತಿದ್ದವರ ಬಲಗೈ ಹೆಬ್ಬೆರಳಿನ ಒಳಮೈಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆಗಳಿದ್ದವು. ಪೇರಲಹಣ್ಣಿನ ಒಗರು ಕಬ್ಬಿಣದ ಚಾಕುವಿಗೆ ತಾಗಿದರೆ ಕಪ್ಪಾಗುತ್ತದೆ. ಆ ಕಪ್ಪು ಚರ್ಮದ ಸೀಳುಗಳಲ್ಲಿ ಇಳಿದು ಕೂತರೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ದಸರೆಯ ಹೊತ್ತಿಗೆ ಗೆರೆಗಳು ಮೂಡುತ್ತಿದ್ದವು, ಸಂಕ್ರಾಂತಿ ದಾಟಿದ ಮೇಲೆ ಮಾಸುತ್ತಿದ್ದವು. ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿ ಆ ಗೆರೆಗಳ ಸುತ್ತ ಹಿಡಿದು, ಹೆಬ್ಬೆರಳು ಭೂಗೋಳದ ಪುಸ್ತಕದಲ್ಲಿನ ನದಿಗಳ ನಕಾಶೆಯಂತೆ ಕಾಣುತ್ತಿತ್ತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನಾನು ಪಾಠಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದೆ.

ಮರಾಠಿ ಶಾಲೆಗಳಲ್ಲಿ ಕಲಿಸುವ ಹೆಂಗಸರನ್ನು ‘ಬಾಯಿ’ ಎಂದು ಕರೆಯುವುದು ವಾಡಿಕೆ. ಉದಗೀರದ ನಮ್ಮ ಹುಡುಗಿಯರ ಶಾಲೆಯಲ್ಲಿ ಇನ್ನೂ ಕೆಲವರು ಬಾಯಿಯರಿದ್ದರು. ಆದರೆ ಬರೀ ‘ಬಾಯಿ’ ಎಂದರೆ ನಮ್ಮ ಓಣಿಗೆಲ್ಲ ಗೃಹವಿಜ್ಞಾನ ಕಲಿಸುವ ಬಾಯಿ ಒಬ್ಬರೇ. ಬೀದರ ಕಡೆಯ ಕನ್ನಡದವರು, ಕ್ರಿಸ್ತರು. ಮಿಶನ್ ಬೋರ್ಡಿಂಗಿನಲ್ಲಿ ಬೆಳೆದು, ಅಲ್ಲೇ ಕಲಿತು, ನೌಕರಿಗೆಂದು ಗಡಿ ದಾಟಿ ಬಂದಿದ್ದರು. ಗಂಡನಿದ್ದನೋ, ಬಿಟ್ಟಿದ್ದನೋ, ಮದುವೆಯೇ ಆಗಿರಲಿಲ್ಲವೋ, ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೇಳುವ ಧೈರ್ಯ ಓಣಿಯ ಬಾಯಿಬಡುಕಿಯರಿಗೂ ಇರಲಿಲ್ಲ. ಭಾನುವಾರ ಬಿಳಿ ಸೀರೆಯುಟ್ಟು, ಮಳೆಯಿಲ್ಲದ ವರ್ಷದಲ್ಲೂ ಕೊಡೆ ಹಿಡಿದು, ಚರ್ಚಿಗೆ ನಡೆದು ಹೋಗುತ್ತಿದ್ದರು.

ನಾವು ಲಿಂಗವಂತರು. ಅಜ್ಜನ ಕಾಲಕ್ಕೆ ಕಾಸಾರಶಿರಸಿಯಿಂದ ಬಂದು ಉದಗೀರದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ ಬೆರೆಸಿ ಮೇಲಿಷ್ಟು ದಖನಿ ಉರ್ದು. ಬಾಯಿಯ ಮನೆ ನಮ್ಮ ಓಣಿಯ ಕೊನೆಗೆ. ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಪೇರಲ ಗಿಡ. ನಮ್ಮ ಕಡೆ ಅದಕ್ಕೆ ಜಾಂಬ ಎನ್ನುತ್ತೇವೆ. ಗಿಡದ ಬುಡದಲ್ಲೇ ಬಚ್ಚಲುಗಲ್ಲು. ಬಾಯಿ ಮೀಯುವ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಆ ಗಿಡಕ್ಕೆ. ಎರಡು ಮಳೆಗಾಲ ಸಾಲಾಗಿ ಕೈಕೊಟ್ಟು, ಓಣಿಯ ಬೇವೂ ಬೋಳಾಗಿ ನಿಂತ ಆ ವರ್ಷಗಳಲ್ಲಿ ಆ ಗಿಡ ಮಾತ್ರ ಹಸಿರಾಗಿತ್ತು. ಹಣ್ಣು ಸಣ್ಣವು, ನಿಂಬೆಗಿಂತ ತುಸು ದೊಡ್ಡವು, ಆದರೆ ಬಿಟ್ಟಿದ್ದವು.

ನಮ್ಮ ಪಠ್ಯದಲ್ಲಿ ‘ರೋಗಿಗಳ ಆಹಾರ’ ಎಂಬ ಪಾಠವಿತ್ತು. ಅದರಲ್ಲಿ ಸಕ್ಕರೆ ನೀರಿನಲ್ಲಿ ನಾಸಪಾತಿ ಬೇಯಿಸುವ ವಿಧಾನ. ನಾಸಪಾತಿಯನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಒಬ್ಬಳು ಎದ್ದು, ಅದು ಹೇಗಿರುತ್ತದೆ ಎಂದು ಕೇಳಿದಳು. ಬಾಯಿ, “ನಾನೂ ದೂರಿಂದ ನೋಡೀನಿ. ಬೋರ್ಡಿಂಗದಾಗ ಬಿಳೀ ಮಡಮ್ಮನ ಮೇಜಿನ ಮ್ಯಾಲ ಇರತಿತ್ತು. ರುಚಿ ಗೊತ್ತಿಲ್ಲ. ನಾವು ಜಾಂಬದಾಗ ಮಾಡೂಣು,” ಎಂದರು. ಮರಾಠಿಯಲ್ಲಿ ಪಾಠ ಮಾಡುತ್ತಿದ್ದವರು ಇದನ್ನು ಮಾತ್ರ ಯಾಕೋ ಕನ್ನಡದಲ್ಲಿ ಹೇಳಿದರು. ಅರ್ಧ ತರಗತಿಗೆ ತಿಳಿಯಿತು, ಉಳಿದರ್ಧಕ್ಕೆ ನಾವು ಹೇಳಿದೆವು.

ಶಾಲೆಯ ನೀರಿನ ತೊಟ್ಟಿ ಬತ್ತಿತ್ತು. ಮುಖ್ಯಾಧ್ಯಾಪಕರು, ಈ ವರ್ಷ ಪ್ರಾತ್ಯಕ್ಷಿಕೆ ಬೇಡ, ಹಲಗೆಯ ಮೇಲೆ ಬರೆಸಿಬಿಡಿ ಎಂದರಂತೆ. ಬಾಯಿ ಮರುದಿನ ನಮಗೆ, “ಬರೋವಾಗ ಮನಿಯಿಂದ ಒಬ್ಬೊಬ್ಬರು ಒಂದೊಂದು ವಾಟಿ ನೀರು ತರ್ರಿ,” ಎಂದರು. ಟ್ಯಾಂಕರಿನ ಮುಂದೆ ಕೊಡಕ್ಕಾಗಿ ಜಗಳಾಡುವ ಕಾಲ ಅದು. ಆದರೂ ಎಲ್ಲರೂ ತಂದೆವು, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಯಾರ್ಯಾರ ಮನೆಯ ನೀರೋ ಒಂದೇ ಪಾತೇಲಿಗೆ ಬಿತ್ತು. ಹಣ್ಣು ಬೆಂದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹೋಳು. ಕೆಲವರು ತಿನ್ನಲಿಲ್ಲ. ಬಾಯಿ ಅವರನ್ನು ಒತ್ತಾಯಿಸಲೂ ಇಲ್ಲ, ಮುಖ ಸಣ್ಣದು ಮಾಡಿಕೊಳ್ಳಲೂ ಇಲ್ಲ. ನಾನು ತಿಂದೆ. ಒಗರೆಲ್ಲ ಹೋಗಿ, ಲವಂಗದ ವಾಸನೆ ಹಿಡಿದು, ನಾಲಿಗೆ ಒತ್ತಿದರೆ ಸಾಕು ಕರಗುವಂತಿತ್ತು. ಮನೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ನಕ್ಕು, “ಅಜ್ಜಿ ಮುಂದ ಹೇಳಬ್ಯಾಡ,” ಎಂದಳು.

ಆ ಹೊತ್ತಿಗೆ ಅವ್ವನ ಗಂಟಲು ಕಟ್ಟತೊಡಗಿ ಕೆಲವು ತಿಂಗಳಾಗಿತ್ತು. ಮೊದಲು ರೊಟ್ಟಿ ಇಳಿಯುವುದಿಲ್ಲ ಎಂದಳು. ಸರಕಾರ ಹಂಚಿದ ಕೆಂಪು ಜೋಳದ ರೊಟ್ಟಿ ಎಲ್ಲರ ಗಂಟಲಲ್ಲೂ ಸಿಗುತ್ತಿತ್ತು, ಹಾಗಾಗಿ ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಆಮೇಲೆ ಅನ್ನವೂ ಇಳಿಯದಾಯಿತು. ಅಪ್ಪ ಸೊಲ್ಲಾಪುರದ ದೊಡ್ಡ ದವಾಖಾನೆಗೆ ಕರೆದೊಯ್ದ. ತಿರುಗಿ ಬಂದ ದಿನ ಅವನು ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಜ್ಜಿ ಕೇಳಿದರೆ, “ಅನ್ನದ ಕೊಳವಿಯೊಳಗ ಗಂಟು ಅದ ಅಂತ,” ಎಂದಷ್ಟೇ ಹೇಳಿ ಗೋಡೆಗೆ ಒರಗಿ ಕೂತ. ಅಪ್ಪ ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಆಮೇಲೆ ಅದೂ ನಿಂತಿತು.

ದಸರೆ ಕಳೆದು ಶೀಗಿ ಹುಣ್ಣಿಮೆ ಬಂತು. ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಯಾರೂ ಹೋಗಲಿಲ್ಲ, ಹೊಲದಲ್ಲಿ ಏನೂ ಇರಲಿಲ್ಲ. ಆ ದಿನ ಅವ್ವನಿಗೆ ಹಾಲೂ ಓಕರಿಸಿ ಬಂತು. ಸಂಜೆ ನನ್ನನ್ನು ಹತ್ತಿರ ಕರೆದು, “ನೀ ಸಾಲ್ಯಾಗ ತಿಂದೀಯಲ್ಲ, ಜಾಂಬದ್ದು. ಅದು ಇಳೀಬೌದೇನೋ,” ಎಂದಳು.

ನಾನು ಓಡಿ ಹೋಗಿ ಬಾಯಿಗೆ ಹೇಳಿದೆ. ಅವರು ಅದೇ ಸಂಜೆ ಮಾಡಿ, ಬೀಜ ತೆಗೆದು ಅರಿವೆಯಲ್ಲಿ ಸೋಸಿ, ಪಿಂಗಾಣಿ ಬಟ್ಟಲಲ್ಲಿ ಮುಚ್ಚಿ ತಂದರು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

“ಬಾಯಿ, ತಪ್ಪು ತಿಳಕೋಬ್ಯಾಡ್ರಿ. ಲಿಂಗಕ್ಕ ತೋರಿಸಿ ಉಣ್ಣೂ ಮನಿ ಇದು. ಹೊರಗಿನವರು ಬೇಯಿಸಿದ್ದು ಒಳಗ ಬರಂಗಿಲ್ಲ.”

ಅಜ್ಜಿ ಕೆಟ್ಟವಳಾಗಿರಲಿಲ್ಲ. ಆ ಬರದಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ನೀರಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು ಅವಳೇ. ಸೊಸೆಯ ಮೈ ಒರೆಸಿ, ತಲೆ ಬಾಚಿ, ಉಗುಳು ಬಟ್ಟಲು ತೊಳೆಯುತ್ತಿದ್ದವಳೂ ಅವಳೇ. ಆದರೆ ಅವಳಿಗೆ ಗೊತ್ತಿದ್ದ ದಾರಿ ಅದೊಂದೇ, ಅದನ್ನು ಬಿಟ್ಟರೆ ಕಾಲಿಡುವ ಜಾಗ ಅವಳಿಗೆ ಕಾಣುತ್ತಿರಲಿಲ್ಲ. ಅಪ್ಪ ಪಡಸಾಲೆಯಲ್ಲೇ ಇದ್ದ. ತಲೆ ಎತ್ತಲಿಲ್ಲ.

ಬಾಯಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟರು. ಸಿಟ್ಟು ಬಂದಿತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ. “ಹಸಿ ಹಣ್ಣು ನಡೀತದಲ್ರೀ?” ಎಂದು ಕೇಳಿದರು.

“ಹಸಿ ಹಣ್ಣಿಗೇನು. ಗಿಡದ್ದು.”

“ಹಂಗಾರ ನಾ ಮಾಡೂದಿಲ್ಲ. ಈಕಿ ಮಾಡ್ತಾಳ. ನಿಮ್ಮ ಒಲಿ, ನಿಮ್ಮ ನೀರು, ನಿಮ್ಮ ಬೆಲ್ಲ.”

ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಸಂದಿಗೆ ತೆರೆದಿತ್ತು. ಮರುದಿನದಿಂದ ಶಾಲೆ ಬಿಟ್ಟ ಮೇಲೆ ಬಾಯಿ ಸೆರಗಿನಲ್ಲಿ ಹಣ್ಣು ತಂದು, ಕಿಟಕಿಯಿಂದ ನನ್ನ ಉಡಿಗೆ ಹಾಕಿ, ಅಲ್ಲೇ ಸಂದಿಯಲ್ಲಿ ನಿಂತು ಹೇಳಿಕೊಡುತ್ತಿದ್ದರು.

“ಸಿಪ್ಪಿ ಎಷ್ಟು ತೆಳ್ಳಗ ತಗದೀ, ತೋರಸು.”

ನಾನು ಸಿಪ್ಪೆಯನ್ನು ಬೆಳಕಿಗೆ ಹಿಡಿಯುತ್ತಿದ್ದೆ.

“ದಪ್ಪಾಯ್ತು. ಸಾವಕಾಶ, ಮಗಳ, ಸಾವಕಾಶ. ಈಗ ಎರಡು ಹೋಳು ಮಾಡು. ಚಮಚದಲೆ ಬೀಜ ತಗಿ. ಒಗೀಬ್ಯಾಡ, ಅದನ್ನ ಬ್ಯಾರೆ ಕುದಿಸಿ ಸೋಸು. ಪಾಕಕ್ಕ ಗಟ್ಟಿ ಬರೂದು ಅದರಿಂದನಽ.”

ಬೆಲ್ಲದ ನೀರಿಗೆ ಒಂದೇ ಲವಂಗ, ಹರಳಿನಷ್ಟು ಉಪ್ಪು. ಹೋಳುಗಳು ಮುಳುಗುವಷ್ಟೇ ನೀರು, ಒಂದು ಗುಟುಕೂ ಹೆಚ್ಚಲ್ಲ. ಮೇಲೆ ತೇಲಬಾರದೆಂದು ಪಾತೇಲಿಯೊಳಗೇ ಒಂದು ಸಣ್ಣ ತಾಟು ಕವುಚಿ ಇಡಬೇಕು. ಎಲ್ಲಕ್ಕಿಂತ ಮುಖ್ಯ ಉರಿ. ಒಣಗಿದ ತೊಗರಿ ಕಟ್ಟಿಗೆ ಭರ್ರೆಂದು ಉರಿದರೆ ಅವರಿಗೆ ಹೊರಗಿನಿಂದಲೇ ಸದ್ದಿನಲ್ಲಿ ತಿಳಿಯುತ್ತಿತ್ತು. “ನೀರು ಒದರಾಕತ್ತದ. ಕಟಗಿ ಹಿಂದಕ್ಕ ಎಳಿ. ನೀರು ಪಿಸುಪಿಸು ಅನಬೇಕು, ಒದರಬಾರದು. ಒದರಿದರ ಹಣ್ಣು ಹೊರಗ ಒಡೀತದ, ಒಳಗ ಗಟ್ಟಿ ಉಳೀತದ.” ಬೆಂದಿದೆಯೋ ಎಂದು ನೋಡಲು ತಮ್ಮ ಸ್ವೆಟರ್ ಹೆಣೆಯುವ ಸೂಜಿ ಕೊಟ್ಟಿದ್ದರು. ಬೆಂದ ಹೋಳುಗಳನ್ನು ಅರಿವೆಯಲ್ಲಿ ಸೋಸುವುದು ಕೊನೆಗೆ.

ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಕೆಲವು ದಿನವಾದ ಮೇಲೆ ಒಂದು ಸಂಜೆ ನನಗೆ, “ಲವಂಗ ಯಾಕಂತ ಕೇಳು. ಒಣಶುಂಠಿ ಹಾಕಿದರ ಪಚನ ಆಗ್ತದ,” ಎಂದಳು.

ಬಾಯಿ ಹೊರಗಿನಿಂದ ಕೇಳಿಸಿಕೊಂಡೇ ಇದ್ದರು. “ಶುಂಠಿ ಛಲೋದಽ ಅಂತ ಹೇಳವ್ವ. ಆದರ ನಿಮ್ಮ ಅವ್ವನ ಗಂಟಲಿಗೆ ಖಾರ ಹತ್ತತದ. ಯಾಲಕ್ಕಿ ಹಾಕಿದರ ಹ್ಯಾಂಗ ಅಂತ ಕೇಳು.”

“ಯಾಲಕ್ಕಿ ನಡೀತದಂತ ಹೇಳು.”

ಹೀಗೆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಸ್ಪಷ್ಟವಾಗಿ ಕೇಳುವಷ್ಟು ಹತ್ತಿರವಿದ್ದು, ನನ್ನ ಮೂಲಕ ಮಾತಾಡುತ್ತಿದ್ದರು. ಆ ದಿನದಿಂದ ಯಾಲಕ್ಕಿಯೂ ಬಿತ್ತು.

ಅವ್ವನಿಗೆ ಅದು ಇಳಿಯಿತು. ಮೊದಲ ದಿನ ಮೂರ್ನಾಲ್ಕು ಚಮಚ, ಆಮೇಲೆ ಸಣ್ಣ ಬಟ್ಟಲು. ಮೊದಲ ಚಮಚ ಒಳಗೆ ಹೋದಾಗ ಅವಳು ಕಣ್ಣು ಮುಚ್ಚಿ, ಗಂಟಲಿನ ಮೇಲೆ ಕೈಯಿಟ್ಟು, ಅದು ಇಳಿಯುವುದನ್ನೇ ಕಾಯುತ್ತ ಕೂತದ್ದು ಈಗಲೂ ಕಾಣುತ್ತದೆ. ಇಳಿದ ಮೇಲೆ, “ಹೋಯ್ತು,” ಎಂದಳು. ಅಜ್ಜಿ ಮುಖ ತಿರುಗಿಸಿ ಎದ್ದು ಹೋದಳು.

ಉಣಿಸುವುದನ್ನು ಕಲಿಸಿದವರೂ ಬಾಯಿಯೇ. “ಚಮಚ ಬಾಯಾಗ ತುರುಕಬ್ಯಾಡ. ತೋರಸು, ನಿಲ್ಲು. ಅವರಾಗೇ ಬಾಯಿ ತಗೀಲಿ. ತಗೀಲಿಲ್ಲಂದ್ರ ಕೆಳಗಿಡು, ಬ್ಯಾರೆ ಮಾತಾಡು. ರೋಗ ಬಂದವರದು ಎಲ್ಲಾ ಬ್ಯಾರೇದವರ ಕೈಯಾಗ ಹೋಗಿರ್ತದ. ಇದೊಂದರೆ ಅವರ ಕೈಯಾಗಿರಲಿ.”

ಒಂದು ದಿನ ಅವ್ವ ಅಜ್ಜಿಯನ್ನು ಕರೆದಳು. “ಅತ್ಯಾರ, ಬಾಯಿ ದಿನಾ ಸಂದ್ಯಾಗ ನಿಲ್ತಾರ. ನಾ ಉಣ್ಣೂದು ಅವರೊಮ್ಮೆ ನೋಡಲಿ.”

“ನಾ ಇರೂತನಕ ಒಳಗ ಆಗೂದಿಲ್ಲವ್ವ. ಅದೊಂದು ಕೇಳಬ್ಯಾಡ.”

ಅವ್ವ ವಾದಿಸಲಿಲ್ಲ. “ಅವರು ಒಳಗ ಬರೂದು ಬ್ಯಾಡಾದ್ರ, ನನ್ನಽ ಹೊರಗ ಹಾಕ್ರಿ,” ಎಂದಳು.

ಅಪ್ಪ ಎದ್ದ. ಯಾರನ್ನೂ ಕೇಳಲಿಲ್ಲ. ಹಾಸಿಗೆ ಸಮೇತ ಅವ್ವನನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ, ಕಟ್ಟೆಗೆ ತಾಗಿ ಮಲಗಿಸಿದ. ಅಷ್ಟು ಹಗುರಾಗಿದ್ದಳು. ಓಣಿಯವರೆಲ್ಲ ನೋಡುವಂಥ ಜಾಗ. ಮನೆಯ ಸೊಸೆಯನ್ನು ಹಾಗೆ ಮಲಗಿಸುವುದು ನಮ್ಮಲ್ಲಿ ಇಲ್ಲ. ಅಜ್ಜಿ ಒಳಗಿನಿಂದ ಒಂದು ಚಾಪೆ ತಂದು ಕಟ್ಟೆಯ ಮೇಲೆ ಹಾಸಿದಳು. ಅದು ಬಾಯಿಗೆ.

ದೀಪಾವಳಿಯವರೆಗೆ ಹಾಗೇ ನಡೆಯಿತು. ನಾನು ಒಳಗೆ ಬೇಯಿಸುತ್ತಿದ್ದೆ, ಅವರಿಬ್ಬರೂ ಹೊರಗೆ ಮಾತಾಡುತ್ತಿದ್ದರು. ಒಂದು ಸಂಜೆ ಬಟ್ಟಲು ತಂದಾಗ ಅವ್ವ ಕೇಳುತ್ತಿದ್ದಳು, “ಬಾಯಿ, ನಿಮಗ ಹಿಂದ ಮುಂದ ಯಾರೂ ಇಲ್ಲೇನ್ರೀ?”

“ಅವ್ವ ಇದ್ದಳ್ರಿ. ನಾ ಸಣ್ಣಾಕಿದ್ದಾಗ ಹಿಂಗಽ ಬರಾ ಬಿತ್ತು. ಮಳಿ ಬಂದ ಮ್ಯಾಲ ಕರಕೊಂಡು ಹೋಗ್ತೀನಿ ಅಂತ ನನ್ನ ಬೋರ್ಡಿಂಗದಾಗ ಬಿಟ್ಟು ಹೋದಳು.”

“ಬರಲಿಲ್ಲೇನ್ರೀ?”

“ಬಂದಳ್ರಿ. ಮಳಿ ಬಂತು, ಆಕಿನೂ ಬಂದಳು. ನಾನಽ ಹೋಗಲಿಲ್ಲ. ಅಲ್ಲಿ ಎರಡೂ ಹೊತ್ತು ಉಣ್ಣಾಕ ಇತ್ತು. ಗೇಟಿಗೆ ಬಂದು ನಿಂತಿದ್ದಳು. ನಾ ಕಂಬದ ಹಿಂದ ನಿಂತೆ. ಬಾಳ ಹೊತ್ತು ನೋಡಿದಳು, ಹಂಗಽ ತಿರುಗಿ ಹೋದಳು.”

ಬಾಯಿಯ ದನಿಯಲ್ಲಿ ಅಳುವಿರಲಿಲ್ಲ. ಕಂಬದ ಹಿಂದೆ ನಿಂತದ್ದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಕ್ಕಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅವ್ವ ಅವರ ಕೈ ಹಿಡಿದಳು.

“ಆಕಿಗೆ ಸಮಾಧಾನ ಆಗಿರ್ತದ ಬಾಯಿ. ನನ್ನ ಮಗಳು ಉಣ್ಣಾಕತ್ತಾಳ ಅಂತ. ನನ್ನ ಕೇಳ್ರಿ, ನನಗ ಗೊತ್ತದ.”

ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವ್ವ ನನ್ನ ಕಡೆ ನೋಡಿ, “ಈಕಿನ್ನ ನೋಡ್ಕೋರಿ,” ಎಂದಳು.

“ನೋಡ್ಕೋತೀನಿ ಅಂತ ನಾ ಹ್ಯಾಂಗ ಹೇಳಲ್ರೀ. ಈಕಿ ನಿಮ್ಮ ಮನಿ ಮಗಳು. ಕಲಸ್ತೀನಿ. ಅದು ನನ್ನ ಕೈಯಾಗಿನ ಮಾತು.”

ದೀಪಾವಳಿಯ ಪಾಡ್ಯ ಕಳೆದ ಎರಡನೆಯ ಬೆಳಿಗ್ಗೆ ಅವ್ವ ಪಡಸಾಲೆಯಲ್ಲೇ ಹೋದಳು. ಹಿಂದಿನ ಸಂಜೆ ಅರ್ಧ ಬಟ್ಟಲು ತಿಂದಿದ್ದಳು. ಮಠದ ಸ್ವಾಮಿಗಳು ಬಂದು, ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ಬಾಯಿ ಕಟ್ಟೆಯ ಕೆಳಗೆ ನಿಂತಿದ್ದರು, ಕೊನೆಯವರೆಗೂ.

ತಿಂಗಳು ಕಳೆಯುವುದರೊಳಗೆ ದೇವಣಿಯಿಂದ ನನಗೆ ಸಂಬಂಧ ಬಂತು. ಮನೆಯಲ್ಲಿ ಮುದುಕಿಯೊಬ್ಬಳನ್ನು ಬಿಟ್ಟರೆ ಹೆಂಗಸಿಲ್ಲ, ಬರಗಾಲ, ತಾಯಿಯಿಲ್ಲದ ಹುಡುಗಿ, ಒಳ್ಳೆಯ ಮನೆತನ. ಎಲ್ಲರೂ ಆಗಲಿ ಎಂದರು. ನನಗೆ ಏನು ಬೇಕೆಂದು ನನಗೇ ಗೊತ್ತಿರಲಿಲ್ಲ. ಎದೆಯೊಳಗೆ ಅವ್ವ ಹೋದ ಜಾಗವೊಂದು ಬಿಟ್ಟು ಬೇರೇನೂ ಇರಲಿಲ್ಲ. ನಾನು ಶಾಲೆಗೆ ಹೋಗುವುದನ್ನು ನಿಲ್ಲಿಸಿದೆ. ಆ ವಾರವೇ ಬಾಯಿ ಬಂದು ಬಾಗಿಲ ಮುಂದೆ ನಿಂತರು. ಅಜ್ಜಿ ಪಡಸಾಲೆಯಲ್ಲಿದ್ದಳು. ನಡುವೆ ನಾನಿರಲಿಲ್ಲ. ಒಳಗಿನ ಕೋಣೆಯಿಂದ ಕೇಳಿಸಿಕೊಂಡೆ.

“ಆಯಿ, ಇನ್ನೆರಡು ವರ್ಷ ಕೊಡ್ರಿ. ಮ್ಯಾಟ್ರಿಕ್ ಆಗಲಿ.”

“ಹುಡಿಗಿ ಓದಿ ಏನು ಮಾಡ್ತಾಳ ಬಾಯಿ?”

“ಗೊತ್ತಿಲ್ರಿ. ಈಕಿ ಕೈಯಾಗ ಸಾವಕಾಶ ಅದ. ಅದು ಎಲ್ಲರಿಗೂ ಇರಂಗಿಲ್ಲ. ಇಷ್ಟಽ ನನಗ ಗೊತ್ತು.”

ಆಮೇಲೆ ಅಜ್ಜಿ, “ಕೂಡ್ರಿ,” ಎಂದಳು. ಬಾಯಿ ಕಟ್ಟೆಯ ಮೇಲೆ ಕೂತ ಸದ್ದು.

ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಅಪ್ಪನಿಗೆ, “ದೇವಣಿಯವರಿಗೆ ಈಗ ಬ್ಯಾಡಂತ ಹೇಳಿ ಕಳಸು. ಆ ಬಾಯಿ ಮಾತು ತಗದು ಹಾಕಾಕ ನನ್ನ ಕಡಿಂದ ಆಗೂದಿಲ್ಲ. ನನ್ನ ಸೊಸಿ ಬಾಯಾಗ ಕಡೀ ತುತ್ತು ಹಾಕಿದಾಕಿ ಆಕಿ,” ಎಂದಳು. ಬಾಯಿ ಆ ತುತ್ತನ್ನು ಕೈಯಿಂದ ಮುಟ್ಟಿರಲೇ ಇಲ್ಲ. ಅಜ್ಜಿಯೇ ಮುಟ್ಟಗೊಟ್ಟಿರಲಿಲ್ಲ. ಆದರೂ ಹಾಗೆ ಅಂದಳು, ನಾವ್ಯಾರೂ ತಿದ್ದಲಿಲ್ಲ.

ನಾನು ಮ್ಯಾಟ್ರಿಕ್ ಮುಗಿಸಿ, ಸೊಲ್ಲಾಪುರದಲ್ಲಿ ನರ್ಸಿಂಗ್ ಕಲಿತು, ಲಾತೂರು, ನಿಲಂಗಾ ಸುತ್ತಿ, ಕೊನೆಗೆ ಉದಗೀರದ ದವಾಖಾನೆಗೇ ಬಂದೆ. ಮದುವೆಯೂ ಆಯಿತು, ತಡವಾಗಿ, ನನ್ನ ಇಷ್ಟದಂತೆ. ಎಷ್ಟೋ ಮಂದಿಗೆ ಉಣಿಸಿದ್ದೇನೆ. ಹೊಸದಾಗಿ ಬಂದ ಹುಡುಗಿಯರು ಅವಸರದಲ್ಲಿ ಚಮಚ ತುರುಕುವುದನ್ನು ಕಂಡರೆ ಅವರ ಕೈ ಹಿಡಿದು ನಿಲ್ಲಿಸುತ್ತೇನೆ. ತೋರಿಸು, ನಿಲ್ಲು ಎನ್ನುತ್ತೇನೆ. ಅದು ನನ್ನ ಮಾತಲ್ಲ. ನನ್ನ ಸಂಸಾರ, ನನ್ನ ಕೆಲಸ, ನನಗಿರುವ ಅಷ್ಟಿಷ್ಟು ಮರ್ಯಾದೆ ಎಲ್ಲ ಆ ಸಂದಿಯಲ್ಲಿ ನಿಂತವರು ಕೊಟ್ಟದ್ದು.

ಬಾಯಿ ನಿವೃತ್ತರಾದ ಮೇಲೂ ಅದೇ ಮನೆಯಲ್ಲಿದ್ದರು. ಮತ್ತೊಮ್ಮೆ ಬರ ಬಿದ್ದ ವರ್ಷವೊಂದರಲ್ಲಿ, ದಸರೆಯ ಮುಂದೆ, ಎರಡು ದಿನ ಜ್ವರ ಬಂದು ನಮ್ಮ ವಾರ್ಡಿನಲ್ಲೇ ತೀರಿಕೊಂಡರು. ಕೊನೆಯ ದಿನ ನಾನು ಹತ್ತಿರವಿದ್ದೆ. ಏನೂ ತಿನ್ನಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಮಣ್ಣಿಗೆ ಅಪ್ಪ ತಾನೂ ಬರುತ್ತೇನೆಂದ. ಅಜ್ಜಿ ಹೋಗಿ ವರ್ಷಗಳಾಗಿದ್ದವು. ಅವನಿಗೂ ನಡೆಯಲು ಕೋಲು ಬೇಕಿತ್ತು. ಕ್ರಿಸ್ತರ ಹೂಳುವ ಜಾಗದಲ್ಲಿ ಹಳೆಯ ವಿದ್ಯಾರ್ಥಿನಿಯರು ಕೆಲವರು, ಚರ್ಚಿನವರು ಕೆಲವರು ಸೇರಿದ್ದರು. ಪಾದ್ರಿ ಬೀದರದಿಂದ ಹೊಸದಾಗಿ ಬಂದ ಹುಡುಗ, ಬಾಯಿಯನ್ನು ಬಲ್ಲವನಲ್ಲ. ಪ್ರಾರ್ಥನೆ ಮುಗಿಸಿ, ಪೆಟ್ಟಿಗೆ ಇಳಿಸಿದ ಮೇಲೆ, “ಮನಿ ಮಂದಿ ಯಾರರೆ ಇದ್ದರ ಮುಂದ ಬರ್ರಿ. ಮೊದಲ ಮಣ್ಣು ಅವರು ಹಾಕಬೇಕು,” ಎಂದ.

ಯಾರೂ ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಮನೆ ಮಂದಿ ಎನ್ನುವ ಹಕ್ಕು ನನಗಿದೆಯೇ ಎಂದು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಅಪ್ಪ ಚಪ್ಪಲಿ ಬಿಚ್ಚಿದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಕೋಲೂರಿಕೊಂಡು ಗುಂಪಿನ ನಡುವಿನಿಂದ ಮುಂದೆ ಬಂದ.

“ನಾವಿದ್ದೀವ್ರಿ,” ಎಂದ. “ನಾವಽ ಮನಿ ಮಂದಿ.”

ಕೋಲು ಕೆಳಗಿಟ್ಟು, ಬಗ್ಗಿ, ಎರಡೂ ಕೈಯಲ್ಲಿ ಒಣಮಣ್ಣು ತುಂಬಿಕೊಂಡು, ಪೆಟ್ಟಿಗೆಯ ಮೇಲೆ ಸದ್ದಾಗದಂತೆ ಬಿಟ್ಟ. ಅವನಾದ ಮೇಲೆ ನಾನು ಹಾಕಿದೆ.